ರೊಟ್ಟಿ ಕಳಿಸಿದ್ವಿ, ವಿಳಾಸ ಕೇಳಲಿಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಬೆಂಗಳೂರಿಗೂ ಇನ್ಯಾವುದೋ ದೇಶದ ಪಟ್ಟಣಕ್ಕೂ 'ಸಿಸ್ಟರ್ ಸಿಟಿ', ಅಂದ್ರೆ ಎರಡು ಊರು ಅಕ್ಕತಂಗಿಯರ ಹಂಗೆ ನಂಟು ಬೆಳೆಸ್ಕೊಳ್ಳೋ ಒಪ್ಪಂದ ಆಯ್ತು ಅಂತ ಪೇಪರ್‌ನಲ್ಲಿ ಆಗಾಗ ಓದ್ತಿರ್ತೀವಿ, ಫೋಟೋದಲ್ಲಿ ನಾಲ್ಕು ಜನ ಕೋಟು ಹಾಕ್ಕೊಂಡು ಫೈಲ್ ಹಿಡ್ಕೊಂಡು ನಗ್ತಿರ್ತಾರೆ, ನಾವು ಪುಟ ತಿರುಗಿಸಿ ಮೆಕ್ಕೆಜೋಳದ ರೇಟು ಎಷ್ಟಾಗಿದೆ ಅಂತ ನೋಡ್ತೀವಿ. 2013ರಲ್ಲಿ ಚೀನಾದ ಚೆಂಗ್ಡು ಬೆಂಗಳೂರಿಗೆ ಸೋದರಿ ಆಯ್ತು, 2015ರಲ್ಲಿ ಸಿಚುವಾನ್ ಪ್ರಾಂತ್ಯ ಇಡೀ ಕರ್ನಾಟಕಕ್ಕೇ ಅಕ್ಕನೋ ತಂಗಿನೋ ಆಯ್ತು, ನಮ್ಮ ಜಗಳೂರು ಕಡೆ ಒಬ್ಬ ರೈತನಿಗೂ ಅದರ ಗಾಳಿ ಸೋಕಲಿಲ್ಲ. ಹಂಗಾಗಿ ಈ ಸೋದರಿ ಸಂಬಂಧ ಅಂದ್ರೆ ಫೋಟೋಗೆ ಮಾಡ್ಕೊಳ್ಳೋ ಸಂಬಂಧ ಅಂತಾನೇ ನಾನು ತಿಳ್ಕೊಂಡಿದ್ದೆ. ಹೋದ ಬೇಸಿಗೇಲಿ ಒಂದು ಗಂಟೆ ನೋಡೋವರೆಗೂ.

ಗಂಟೆ ಅಂದ್ರೆ ಬಾರಿಸೋ ಗಂಟೆ. ಹೇಳ್ತೀನಿ ಇರಿ.

ನಾನು ಹೈಸ್ಕೂಲ್ ಮೇಷ್ಟ್ರಾಗಿದ್ದು 2020ರಲ್ಲಿ ರಿಟೈರ್ ಆದೋನು, ಆರೆಕರೆ ಖುಷ್ಕಿ ಜಮೀನಿದೆ, ಮೆಕ್ಕೆಜೋಳ, ಸಾಲಲ್ಲಿ ತೊಗರಿ, ಮನಸ್ಸು ಬಂದ ವರ್ಷ ಈರುಳ್ಳಿ. ಮಗ ಅಮೆರಿಕಾದ ಅಯೊವಾ ರಾಜ್ಯದ ರಾಜಧಾನೀಲಿ ಇನ್ಶೂರೆನ್ಸ್ ಕಂಪನಿಗೆ ಸಾಫ್ಟ್‌ವೇರ್ ಮಾಡ್ಕೊಂಡಿದ್ದಾನೆ. ಆ ಊರಿನ ಹೆಸರು ಬರೆಯೋದು ಡೆಸ್ ಮೊಯಿನ್ಸ್ ಅಂತ, ಕರೆಯೋದು ಡಿಮೊಯ್ನ್ ಅಂತ, ಎರಡು ಎಸ್ ಅಕ್ಷರ ಏನೂ ಮಾತಾಡದೆ ಸುಮ್ನೆ ಕೂತಿರ್ತವೆ, ನಮ್ಮಲ್ಲಿ ಕೆಲವು ಕಮಿಟಿ ಮೆಂಬರ್‌ಗಳು ಕೂತಿರೋ ಹಂಗೆ. ಎಲ್ಲಾ ಅಪ್ಪ ಅಮ್ಮಂದಿರ ಹಾಗೆ ನಾವೂ ಉಪ್ಪಿನಕಾಯಿ, ಚಟ್ನಿಪುಡಿ ಕಟ್ಕೊಂಡು ಆರು ತಿಂಗಳಿಗೆ ಹೋದ್ವಿ. ಹೋದ ಮೊದಲನೇ ವಾರಕ್ಕೇ ಗೊತ್ತಾಯ್ತು, ನಾನು ಸರಿಯಾದ ಕಡೆಗೇ ಬಂದಿದ್ದೀನಿ ಅಂತ, ಯಾಕಂದ್ರೆ ಊರು ದಾಟಿದ್ರೆ ಸಾಕು ಮೆಕ್ಕೆಜೋಳ, ಆಮೇಲೆ ಸೋಯಾ, ಆಮೇಲೆ ಮತ್ತೆ ಮೆಕ್ಕೆಜೋಳ, ಕಾರಲ್ಲಿ ಎರಡು ಗಂಟೆ ಹೋದ್ರೂ ಅದೇ. ಅಲ್ಲಿ ಸರಾಸರಿ ಒಂದು ಹಿಡುವಳಿ ಅಂದ್ರೆ 350 ಎಕರೆ ಹತ್ತಿರ. ಎಕರೆಗೆ 200 ಬುಶೆಲ್ ಬರುತ್ತೆ ಅಂದ್ರು, ಬುಶೆಲ್ ಅಂದ್ರೆ ಸುಮಾರು 25 ಕೆಜಿ, ಮನೆಗೆ ಬಂದು ಮೊಮ್ಮಗಳ ನೋಟ್‌ಬುಕ್ಕಲ್ಲಿ ಲೆಕ್ಕ ಹಾಕಿದೆ, 50 ಕ್ವಿಂಟಾಲ್! ನಮಗೆ ಒಳ್ಳೆ ಮಳೆ ಆದ ವರ್ಷ ಅದರ ಅರ್ಧ ಬಂದ್ರೆ ಊರಿಗೆಲ್ಲಾ ಹೇಳ್ಕೊಂಡು ಓಡಾಡ್ತೀವಿ.

ಇನ್ನು ಹಂದಿ. ರಾಜ್ಯದ ಜನಸಂಖ್ಯೆ ಸುಮಾರು 32 ಲಕ್ಷ, ಹಂದಿಗಳು 2 ಕೋಟಿಗೂ ಮೇಲೆ. ಆದ್ರೆ ಆರು ತಿಂಗಳಲ್ಲಿ ರಸ್ತೇಲಿ ಒಂದೇ ಒಂದು ಹಂದಿ ಕಾಣ್ಲಿಲ್ಲ ನನಗೆ, ಎಲ್ಲಾ ಉದ್ದುದ್ದ ಶೆಡ್ ಒಳಗೆ, ಗಾಳಿ ಈ ಕಡೆ ತಿರುಗಿದ್ರೆ ಮಾತ್ರ ಇದಾವೆ ಅಂತ ಗೊತ್ತಾಗುತ್ತೆ. ನಮ್ಮದು ಸಸ್ಯಾಹಾರಿ ಮನೆ, ನನಗೂ ಹಂದಿಗೂ ಜೀವಮಾನದಲ್ಲಿ ಇರೋ ಒಂದೇ ಸಂಬಂಧ ಅಂದ್ರೆ ತೆನೆ ಕಟ್ಟೋ ಟೈಮಲ್ಲಿ ರಾತ್ರಿಯಿಡೀ ಅಟ್ಟಣಿಗೆ ಮೇಲೆ ಕೂತು ಡಬ್ಬ ಬಡಿದು ಕಾಡುಹಂದಿ ಓಡಿಸೋದು. ಅಂಥವನು ಈಗ ಹಂದಿ ಬಗ್ಗೆ ಪತ್ರಿಕೆಗೆ ಕಾಗದ ಬರೀತಿದೀನಿ ಅಂತ ನಮ್ಮ ಮನೆಯವರು ಒಳಗಿಂದ ನಗ್ತಿದ್ದಾರೆ.

ಆ ಊರಲ್ಲಿ ಬಂಗಾರದ ಗುಮ್ಮಟ ಇರೋ ದೊಡ್ಡ ವಿಧಾನಸೌಧ ಇದೆ, ಅದರ ಆವರಣದಲ್ಲಿ ಸಾಯಂಕಾಲ ವಾಕಿಂಗ್ ಹೋಗ್ತಿದ್ವಿ. ಅಲ್ಲೊಂದು ಕಡೆ ಜಪಾನಿ ಗುಡಿ ತರದ ಸಣ್ಣ ಮಂಟಪ, ಒಳಗೆ ದೊಡ್ಡ ಕಂಚಿನ ಗಂಟೆ. "ಅಜ್ಜ, ಇದು ಜಪಾನಿಂದ ಕಳಿಸಿದ್ದಂತೆ" ಅಂತ ಮೊಮ್ಮಗಳು ಓದಿ ಹೇಳಿದ್ಲು. ಯಾಕೆ ಕಳಿಸಿದ್ರು ಅಂದೆ. "ಹಂದಿ ಕೊಟ್ಟಿದ್ದಕ್ಕೆ" ಅಂದ್ಲು. ನನಗೆ ಅವಳ ಕನ್ನಡ ತಪ್ಪಿತೇನೋ ಅನ್ನಿಸ್ತು. ತಪ್ಪಿರಲಿಲ್ಲ.

1959ರ ಕಥೆ ಅದು. ಆ ವರ್ಷ ಆಗಸ್ಟ್‌ನಲ್ಲಿ ಒಂದು, ಸೆಪ್ಟೆಂಬರ್‌ನಲ್ಲಿ ಇನ್ನೊಂದು, ಹೀಗೆ ಎರಡು ಚಂಡಮಾರುತ ಜಪಾನಿನ ಯಮನಾಶಿ ಅನ್ನೋ ಪ್ರಾಂತ್ಯಾನ ಹಣ್ಣುಗಾಯಿ ನೀರುಗಾಯಿ ಮಾಡಿಬಿಟ್ವು. ಫ್ಯೂಜಿ ಪರ್ವತದ ಮಗ್ಗುಲಲ್ಲಿ ನಾಲ್ಕೂ ಕಡೆ ಬೆಟ್ಟ ಇರೋ ಸೀಮೆ, ದ್ರಾಕ್ಷಿ ಮತ್ತೆ ಪೀಚ್ ಹಣ್ಣಿಗೆ ಹೆಸರುವಾಸಿ, ಕೋಫು ಅದರ ಮುಖ್ಯ ಪಟ್ಟಣ. ಎರಡನೇ ಚಂಡಮಾರುತ ಜಪಾನಿಗೆ ಅಪ್ಪಳಿಸಿದ್ದು ಸೆಪ್ಟೆಂಬರ್ 26ಕ್ಕೆ. ಇಲ್ಲೊಂದು ಮಜಾ ಇದೆ, ಅದಕ್ಕೆ ಮೂರೇ ದಿನ ಮುಂಚೆ ಅಯೊವಾದ ಕೂನ್ ರ‍್ಯಾಪಿಡ್ಸ್ ಅನ್ನೋ ಹಳ್ಳೀಲಿ ಆಗ ಸೋವಿಯತ್ ರಷ್ಯಾ ಆಳ್ತಿದ್ದ ಕ್ರುಶ್ಚೆವ್ ಸಾಹೇಬರು ಒಬ್ಬ ರೈತನ ಹೊಲದಲ್ಲಿ ನಿಂತು ಮೆಕ್ಕೆಜೋಳ ನೋಡ್ತಿದ್ರು. ಇಡೀ ಪ್ರಪಂಚದ ಪತ್ರಕರ್ತರು ಆ ಹೊಲದಲ್ಲಿದ್ರು. ಯಮನಾಶಿ ವಿಷಯ ಯಾರ ಗಮನದಲ್ಲೂ ಇರಲಿಕ್ಕಿಲ್ಲ.

ಗಮನಿಸಿದ್ದು ಒಬ್ಬ ಸಾರ್ಜೆಂಟ್. ರಿಚರ್ಡ್ ಥಾಮಸ್ ಅಂತ, ಅಯೊವಾದವರು, ಟೋಕಿಯೋದಲ್ಲಿ ಅಮೆರಿಕಾ ವಾಯುಪಡೆ ಡ್ಯೂಟಿ, ಯಮನಾಶಿಯ ಪರಿಚಯ ಮುಂಚೆಯಿಂದ ಇತ್ತು. ಅವರು ನಮ್ಮ ರಾಜ್ಯದಿಂದ ಏನಾದ್ರೂ ಮಾಡೋಣ ಅಂತ ಹಿಡ್ಕೊಂಡ್ರು. ದುಡ್ಡು ಕಳಿಸಬಹುದಿತ್ತು, ಬಟ್ಟೆ ಕಳಿಸಬಹುದಿತ್ತು. ಅಯೊವಾದ ರೈತರು ಕಳಿಸಿದ್ದು ತಳಿ ಹಂದಿಗಳನ್ನ, 1960ರ ಜನವರೀಲಿ, ಆ ಚಳೀಲಿ, ವಾಯುಪಡೆಯ ವಿಮಾನದಲ್ಲಿ. 36 ಹತ್ತಿಸಿದ್ರು, ದಾರೀಲಿ ಒಂದು ಸತ್ತು 35 ತಲುಪಿದ್ವು. ಹಂದಿ ಕಳಿಸಿ ಸುಮ್ನಾಗ್ಲಿಲ್ಲ, ಅವು ತಿನ್ನೋದೇನು ಅಂತ ಯೋಚ್ನೆ ಮಾಡಿ ಹಿಂದೆಯೇ ಹಡಗಲ್ಲಿ 1,500 ಟನ್ ಮೆಕ್ಕೆಜೋಳಾನೂ ಹೋಯ್ತು. ಇದು ರೈತ ಮಾತ್ರ ಮಾಡೋ ಯೋಚ್ನೆ ಸಾರ್, ಹಸು ಕೊಟ್ಟೋನು ಮೇವು ಕೇಳೋದನ್ನ ಮರೆಯಲ್ಲ. ಸರ್ಕಾರದ ಸ್ಕೀಮಲ್ಲಿ ಹಸು ಬರುತ್ತೆ, ಮೇವಿನ ಸಬ್ಸಿಡಿ ಮುಂದಿನ ವರ್ಷದ ಬಜೆಟ್ಟಲ್ಲಿ ಬರುತ್ತೆ, ಅಷ್ಟೊತ್ತಿಗೆ ಹಸು ಸಂತೇಲಿ ಇರುತ್ತೆ.

ಆ 35 ಹಂದಿ ಮರಿ ಹಾಕಿ, ಮರಿಗಳನ್ನ ಅಲ್ಲಿಯ ರೈತರಿಗೆ ಹಂಚಿ, ಅವು ಮತ್ತೆ ಮರಿ ಹಾಕಿ, ಒಂಬತ್ತು ವರ್ಷಕ್ಕೆ ಆ ವಂಶದ್ದು 5 ಲಕ್ಷ ಆದ್ವು ಅಂತ ಎರಡೂ ಕಡೆಯವರು ಹೇಳ್ತಾರೆ. 1960ರಲ್ಲೇ ಅಯೊವಾ ಮತ್ತೆ ಯಮನಾಶಿ ಸೋದರಿ ರಾಜ್ಯಗಳಾದ್ವು, ಪಟ್ಟಣದ ಮಟ್ಟದಲ್ಲಿ ಡಿಮೊಯ್ನ್‌ಗೂ ಕೋಫುಗೂ 1958ರಿಂದಾನೇ ನಂಟಿತ್ತು. 1962ರಲ್ಲಿ ಯಮನಾಶಿಯವರು ಗಂಟೆ ಕಳಿಸಿದ್ರು. 1993ರಲ್ಲಿ ಅಯೊವಾಕ್ಕೆ ಭಾರಿ ನೆರೆ ಬಂತು, ಡಿಮೊಯ್ನ್‌ನ ನೀರು ಸರಬರಾಜು ಘಟಕಾನೇ ಮುಳುಗಿ ಎರಡೂವರೆ ಲಕ್ಷ ಜನಕ್ಕೆ ಹತ್ತು ಹನ್ನೆರಡು ದಿನ ನಲ್ಲೀಲಿ ನೀರಿಲ್ಲ, ಊರ ತುಂಬಾ ನೀರು ಕುಡಿಯೋಕೆ ನೀರಿಲ್ಲ ಅನ್ನೋ ಪರಿಸ್ಥಿತಿ, ಆಗ ಯಮನಾಶಿಯಿಂದ ನೆರವಿನ ಹಣ ಬಂತು. ಹಂದಿ ಹೋಗಿ 33 ವರ್ಷ ಆಗಿತ್ತು, ಮರೆಯೋದಕ್ಕೆ ಬೇಕಾದಷ್ಟು ಟೈಮು ಇತ್ತು.

ಇದನ್ನ ಓದಿ ಅಮೆರಿಕಾದವರು ದೇವರಂಥವರು ಅಂತ ನಾನು ಹೇಳ್ತಿದೀನಿ ಅಂದ್ಕೋಬೇಡಿ. 1945ರ ಜುಲೈನಲ್ಲಿ ಇದೇ ಕೋಫು ಪಟ್ಟಣದ ಮೇಲೆ ಬಾಂಬ್ ಹಾಕಿ ಸಾವಿರಕ್ಕೂ ಹೆಚ್ಚು ಜನಾನ ಸುಟ್ಟಿದ್ದು ಅಮೆರಿಕಾದ ವಿಮಾನಗಳೇ, ಹದಿನೈದು ವರ್ಷದಲ್ಲಿ ಆ ಜನ ಹಂದಿ ಇಳಿಸ್ಕೊಂಡ್ರಲ್ಲ, ದೊಡ್ಡಸ್ತಿಕೆ ಯಾರದ್ದು ಅಂತ ನೀವೇ ಹೇಳಿ. ಇನ್ನು ಆ ಮೆಕ್ಕೆಜೋಳ, ಅದು ಸರ್ಕಾರದ ಗೋಡೌನಲ್ಲಿ ಬಿದ್ದಿದ್ದ ಹೆಚ್ಚುವರಿ ದಾಸ್ತಾನು. ಹಂದಿ ಸಾಕೋದು ಕಲಿತ ಮೇಲೆ ಕಾಳು ಕೊಳ್ಳಲೇಬೇಕಲ್ಲ, ಮುಂದೆ ಅಮೆರಿಕಾದ ಮೆಕ್ಕೆಜೋಳಕ್ಕೆ ಜಪಾನು ದೊಡ್ಡ ಗಿರಾಕಿ ಆಯ್ತು. ಹೊಟ್ಟೆಗೆ ಹಾಕಿದ್ರೂ ಹೌದು, ಗಿರಾಕಿ ಹಿಡಿದ್ರೂ ಹೌದು. ನನಗೇನೂ ತಕರಾರಿಲ್ಲ, ಇಬ್ಬರಿಗೂ ಲಾಭ ಇಲ್ಲದ ಬೀಗತನ ಎಷ್ಟು ದಿನ ನಡೀತದೆ.

ಒಂದು ಶನಿವಾರ ಬೆಳಿಗ್ಗೆ ಮಗ ಊರಿನ ರೈತರ ಸಂತೆಗೆ ಕರ್ಕೊಂಡು ಹೋದ, ಬೇಸಿಗೇಲಿ ಪ್ರತಿ ಶನಿವಾರ ಪೇಟೆ ರಸ್ತೇನೇ ಬಂದ್ ಮಾಡಿ ಸಂತೆ ಹಾಕ್ತಾರೆ. ಅಲ್ಲಿ ಸಿಹಿಜೋಳದ ತೆನೆ ಮಾರ್ತಿದ್ದ ಒಬ್ಬ ಮುದುಕ, ಎಂಬತ್ತರ ಹತ್ತಿರ, ನಾನು ಅಪ್ಪಿತಪ್ಪಿ ಗಂಟೆ ವಿಷಯ ಎತ್ತಿದೆ ನೋಡಿ, ಮಾರೋದನ್ನ ಹೆಂಡತಿಗೆ ಬಿಟ್ಟು ನನ್ನ ಜೊತೆ ನಿಂತ. ಅವನ ಮನೇಲಿ ಎಷ್ಟೋ ವರ್ಷದ ಹಿಂದೆ ಯಮನಾಶಿಯ ಒಬ್ಬ ಹುಡುಗ ಒಂದು ಬೇಸಿಗೆ ಪೂರ್ತಿ ಇದ್ದನಂತೆ, ದ್ರಾಕ್ಷಿ ತೋಟದವರ ಮಗ. ಆ ಹುಡುಗ ಹೇಳಿದ್ನಂತೆ, ನಮ್ಮಲ್ಲಿ ಒಂದೊಂದು ದ್ರಾಕ್ಷಿ ಗೊಂಚಲಿಗೂ ಪೇಪರ್ ಚೀಲ ಕಟ್ತೀವಿ, ಕೈಯಲ್ಲೇ, ಒಂದೊಂದಕ್ಕೂ. ಇವನು ನೂರಾರು ಎಕರೆ ಟ್ರ್ಯಾಕ್ಟರಲ್ಲಿ ಬಿತ್ತೋನು, ನಂಬಲೇ ಇಲ್ಲ, ನಗಾಡಿಬಿಟ್ನಂತೆ. ಮೂರು ವರ್ಷ ಬಿಟ್ಟು ಇವನೇ ಅಲ್ಲಿಗೆ ಹೋದಾಗ ಆ ಹುಡುಗನ ತಾಯಿ ಇವನ ಕೈಗೆ ಒಂದು ಕಟ್ಟು ಚೀಲ ಕೊಟ್ಟು ತೋಟಕ್ಕೆ ಕಳಿಸಿದ್ಲಂತೆ, ಸಾಯಂಕಾಲದ ಹೊತ್ತಿಗೆ ಕತ್ತು ಸೆಟೆದು ಮೇಲೆ ನೋಡೋಕಾಗ್ಲಿಲ್ಲ ಅಂತ ಕತ್ತು ತೋರಿಸಿ ತೋರಿಸಿ ಹೇಳಿದ. ನಾನಂದೆ, ನಮ್ಮ ಮಲೆನಾಡಲ್ಲಿ ಇದೇ ಕೆಲಸಾನ ಅರವತ್ತು ಅಡಿ ಎತ್ತರದ ಮರದ ಮೇಲೆ ಮಾಡ್ತಾರೆ, ಅಡಿಕೆ ಗೊನೆಗೆ ಕೊಳೆರೋಗ ಬರಬಾರದು ಅಂತ ಕೊಟ್ಟೆ ಕಟ್ತಾರೆ, ಮಳೇಲಿ. ಅವನಿಗೆ ಅಡಿಕೆ ಅಂದ್ರೇನು ಅಂತ ತಿಳಿಸೋದಕ್ಕೆ ನನಗೂ ಮಗನಿಗೂ ಕಾಲು ಗಂಟೆ ಹಿಡೀತು. ತಿಂದು ಉಗುಳೋದು ಅಂದ್ರೆ ಅವನಿಗೆ ಅರ್ಥಾನೇ ಆಗ್ಲಿಲ್ಲ, ಉಗುಳೋದಾದ್ರೆ ಬೆಳೆಯೋದ್ಯಾಕೆ ಅಂದ.

ನೋಡಿ, ಆ ಮುದುಕನ ನೆನಪಲ್ಲಿ ಒಪ್ಪಂದ ಇರಲಿಲ್ಲ, ಗವರ್ನರ್ ಇರಲಿಲ್ಲ. ಕತ್ತು ನೋವು ಇತ್ತು, ಆ ತಾಯಿ ಇದ್ಲು.

ಇದೇ ಮಾತು ಇನ್ನೊಂದು ಕಡೆ ಸರಿಯಾಗಿ ಕಾಣ್ತು. ಮಿಸಿಸಿಪ್ಪಿ ಹೊಳೆ ದಂಡೇಲಿ ಮಸ್ಕಟೀನ್ ಅಂತ ಒಂದು ಊರಿದೆ, ಕರಬೂಜಕ್ಕೆ ಹೆಸರುವಾಸಿ, ಒಂದು ಕಾಲಕ್ಕೆ ಹೊಳೆ ಚಿಪ್ಪಿನಿಂದ ಅಂಗಿ ಗುಂಡಿ ಮಾಡಿ ಪ್ರಪಂಚಕ್ಕೆಲ್ಲಾ ಮಾರ್ತಿದ್ದ ಊರು. 1983ರಲ್ಲಿ ಅಯೊವಾ ಚೀನಾದ ಹೆಬೇ ಪ್ರಾಂತ್ಯದ ಜೊತೆ ಸೋದರಿ ಸಂಬಂಧ ಮಾಡ್ಕೊಂಡಿತ್ತು, ಎರಡು ವರ್ಷ ಆದ್ಮೇಲೆ, 1985ರಲ್ಲಿ, ಹೆಬೇಯ ಜೆಂಗ್ಡಿಂಗ್ ಅನ್ನೋ ಕೌಂಟಿಯಿಂದ, ನಮ್ಮ ಲೆಕ್ಕದಲ್ಲಿ ತಾಲೂಕು ಅನ್ಕೊಳ್ಳಿ, ಐದು ಜನ ಬಂದ್ರು, ಮೆಕ್ಕೆಜೋಳ ಮತ್ತೆ ಪಶು ಆಹಾರ ಹೆಂಗೆ ತಯಾರು ಮಾಡ್ತಾರೆ ನೋಡೋದಕ್ಕೆ. ತಂಡದ ಮುಖಂಡನಿಗೆ ಆಗ 31 ವರ್ಷ. ಮಸ್ಕಟೀನಲ್ಲಿ ಆ ಮುಖಂಡನನ್ನ ಹೋಟೆಲಲ್ಲಿ ಇಡಲಿಲ್ಲ, ಒಂದು ಮನೇಲಿ ಇಟ್ರು, ಕಾಲೇಜಿಗೆ ಹೋಗಿದ್ದ ಹುಡುಗರ ರೂಮಲ್ಲಿ, ಅವರ ಆಟದ ಬೊಂಬೆಗಳ ಮಧ್ಯೆ. ಆ ಮುಖಂಡನ ಹೆಸರು ಷಿ ಜಿನ್‌ಪಿಂಗ್, ಮುಂದೆ ಚೀನಾದ ಅಧ್ಯಕ್ಷರಾದವರು. 2012ರಲ್ಲಿ ಚೀನಾದ ಉಪಾಧ್ಯಕ್ಷರಾಗಿ ಅಮೆರಿಕಾಕ್ಕೆ ಬಂದಾಗ ಆ ಸಣ್ಣ ಊರನ್ನ ಹುಡ್ಕೊಂಡು ಹೋಗಿ ಹಳೇ ಪರಿಚಯದವರ ಜೊತೆ ಕೂತು ಚಹಾ ಕುಡಿದ್ರು. 2024ರ ಜನವರೀಲಿ ಮಸ್ಕಟೀನ್ ಹೈಸ್ಕೂಲಿನ ಮಕ್ಕಳು ಚೀನಾಕ್ಕೆ ಹೋಗಿಬಂದ್ರು. ಹಂಗಂತ ಎಲ್ಲಾ ಸರಿಹೋಯ್ತಾ ಅಂದ್ರೆ ಇಲ್ಲ, 2018ರಲ್ಲಿ ಎರಡು ದೇಶಕ್ಕೆ ಜಗಳ ಹತ್ತಿ ಚೀನಾ ಅಮೆರಿಕಾದ ಸೋಯಾ ಮೇಲೆ 25 ಪರ್ಸೆಂಟ್ ಸುಂಕ ಹಾಕಿದಾಗ ಇದೇ ಅಯೊವಾ ರೈತರಿಗೆ ಪೆಟ್ಟು ಬಿತ್ತು. ಮನೇಲಿ ಮಲಗಿದ್ದ ನೆಂಟ ಸುಂಕದ ಕಟ್ಟೇಲಿ ಗುರುತು ಹಿಡಿಯಲ್ಲ. ಅಷ್ಟು ದೊಡ್ಡ ಆಸೆ ಇಟ್ಕೊಂಡು ಇಂಥ ಸಂಬಂಧ ಮಾಡಬಾರದು ಅಂತ ನನಗನ್ಸುತ್ತೆ.

ಅಂದ ಹಾಗೆ ನಮಗೂ ಅಮೆರಿಕಾ ಖಂಡಕ್ಕೂ ಯಾವ ಒಪ್ಪಂದಾನೂ ಇಲ್ಲದೇ ಒಂದು ಕೊಡುಕೊಳೆ ಆಗಿದೆ. ಮೆಕ್ಕೆಜೋಳ ಬಂದಿದ್ದು ಅಲ್ಲಿಂದ. ಅದರ ಸುಳಿ ತಿನ್ನೋ ಸೈನಿಕ ಹುಳುನೂ ಅಲ್ಲಿಂದಾನೇ, ಆಫ್ರಿಕಾಕ್ಕೆ 2016ರಲ್ಲಿ ಬಂದು, 2018ರಲ್ಲಿ ಇಡೀ ಭಾರತದಲ್ಲಿ ಮೊದಲು ಕಾಣಿಸ್ಕೊಂಡಿದ್ದು ನಮ್ಮ ಕರ್ನಾಟಕದಲ್ಲಿ. ಹುಳ ವೀಸಾ ಇಲ್ದೆ ಬಂತು. ಆ ಹುಳಾನ ನೂರಾರು ವರ್ಷದಿಂದ ನೋಡಿರೋ ರೈತ ಮಾತ್ರ ಇನ್ನೂ ಬಂದಿಲ್ಲ.

ನಮ್ಮಲ್ಲಿ ಪ್ರವಾಸ ಇಲ್ಲ ಅಂತಲ್ಲ. 'ಅಧ್ಯಯನ ಪ್ರವಾಸ' ಅಂತ ನಾನೇ ಒಂದ್ಸಲ ಹೋಗಿದ್ದೆ, ಯಾರು ಕರ್ಕೊಂಡು ಹೋದ್ರು ಅಂತ ಬೇಡ ಬಿಡಿ. ಬೆಳಗಿನ ಜಾವ ನಾಲ್ಕಕ್ಕೆ ಬಸ್ಸು, ಹತ್ತಕ್ಕೆ ತಿಂಡಿ, ಒಂದು ತೋಟದ ಗೇಟಲ್ಲಿ ಬ್ಯಾನರ್ ಹಿಡ್ಕೊಂಡು ಫೋಟೋ, ಒಳಗೆ ಇಪ್ಪತ್ತು ನಿಮಿಷ, ಮೈಕಲ್ಲಿ ಒಬ್ಬರು ಮಾತಾಡಿದ್ರು, ಹಿಂದೆ ನಿಂತವರಿಗೆ ಕೇಳಿಸ್ಲಿಲ್ಲ, ಊಟ, ದಾರೀಲಿ ಒಂದು ದೇವಸ್ಥಾನ, ರಾತ್ರಿ ಹನ್ನೊಂದಕ್ಕೆ ಊರು. ತೋಟದ ಯಜಮಾನನ ಹೆಸರೇ ಗೊತ್ತಾಗ್ಲಿಲ್ಲ ನಮಗೆ. ಆ ಮನುಷ್ಯನಿಗೆ ಸಾಲ ಎಷ್ಟಿದೆ, ಬೋರು ಎಷ್ಟು ಕೊರೆಸಿದ್ದಾನೆ, ಅವನ ಹೆಂಡತಿ ಬೆಳಿಗ್ಗೆ ಎಷ್ಟೊತ್ತಿಗೆ ಎದ್ದು ಏನೇನು ಕೆಲಸ ಮಾಡ್ತಾಳೆ, ಇದೆಲ್ಲಾ ಎರಡು ರಾತ್ರಿ ಅವರ ಪಡಸಾಲೇಲಿ ಮಲಗಿದ್ರೆ ತಾನಾಗೇ ಗೊತ್ತಾಗುತ್ತೆ, ಮೈಕಲ್ಲಿ ಹೇಳಲ್ಲ ಯಾರೂ.

ಇಷ್ಟೆಲ್ಲಾ ಬರೆದಿದ್ದು ಯಾಕೆ ಅಂದ್ರೆ, 2018ರ ಆಗಸ್ಟಲ್ಲಿ ಕೊಡಗಲ್ಲಿ ಗುಡ್ಡ ಕುಸಿದು ಊರೂರೇ ಕೊಚ್ಚಿ ಹೋದಾಗ ಬಯಲುಸೀಮೆ ಊರುಗಳಿಂದ ರೊಟ್ಟಿ ಹೋಯ್ತು, ನಿಮ್ಮ ಪೇಪರಲ್ಲೂ ಬಂದಿತ್ತು. ನಮ್ಮೂರಿಂದಾನೂ ಕಳಿಸಿದ್ವಿ. ಮೂರು ದಿನ ಊರಿನ ಹೆಣ್ಮಕ್ಕಳು ಕೂತು ತಟ್ಟಿದ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದಷ್ಟು ಕಂಬಳಿ. ನಮ್ಮ ಸ್ಕೂಲ್ ಮಕ್ಕಳು ಚೀಲದ ಮೇಲೆ ಹಸಿರು ಸ್ಕೆಚ್ ಪೆನ್ನಲ್ಲಿ ಊರ ಹೆಸರು ಬರೆದು ಪಕ್ಕದಲ್ಲಿ ಹೂವು ಬಿಡಿಸಿದ್ರು. ಲಾರಿ ಮಡಿಕೇರಿ ಕಡೆ ಒಂದು ಪರಿಹಾರ ಕೇಂದ್ರಕ್ಕೆ ಹೋಯ್ತು, ಡ್ರೈವರ್ ಇಳಿಸಿ ಬಂದ. ಅಷ್ಟೇ. ಯಾವ ಊರಿನವರು ತಿಂದ್ರು, ಅವರ ಮನೆ ಮತ್ತೆ ಎದ್ದಿತಾ, ತೋಟ ಏನಾಯ್ತು, ನಾವು ಕೇಳಲಿಲ್ಲ, ಕೇಳಬೇಕು ಅಂತ ಹೊಳೀಲೂ ಇಲ್ಲ. ಮುಂದಿನ ವರ್ಷ ಇನ್ನೊಂದು ಕಡೆ ನೆರೆ, ಇನ್ನೊಂದು ಲಾರಿ. ಕೊಡೋದ್ರಲ್ಲಿ ನಾವು ಅಯೊವಾದವರಿಗಿಂತ ಒಂದು ಕೈ ಮೇಲೆ ಸಾರ್, ಆದ್ರೆ ರೊಟ್ಟಿ ತಿಂದ ದಿನಕ್ಕೆ ಮುಗೀತು, ಹಂದಿ ಮರಿ ಹಾಕ್ತು.

ರಾಜ್ಯದಲ್ಲಿ ಆರು ಸಾವಿರದ ಹತ್ತಿರ ಗ್ರಾಮ ಪಂಚಾಯ್ತಿ ಇದಾವೆ. ಜಪಾನು, ಅಮೆರಿಕಾ ಆಮೇಲೆ ನೋಡೋಣ, ಮೊದಲು ಬಯಲುಸೀಮೆಯ ಒಂದು ಪಂಚಾಯ್ತಿ, ಮಲೆನಾಡಿನ ಒಂದು ಪಂಚಾಯ್ತಿ ಬೀಗರಾಗಲಿ. ವರ್ಷಕ್ಕೆ ಐದು ಮನೆಯವರು ಆ ಕಡೆ, ಐದು ಮನೆಯವರು ಈ ಕಡೆ, ಒಂದು ವಾರ. ಲಾಡ್ಜ್ ಬೇಡ, ಶಾಲು ಹಾರ ಬೇಡ, ಹೋಗೋದು ಕೆಲಸದ ಸೀಸನ್ನಲ್ಲಿ, ಜಾತ್ರೆ ಟೈಮಲ್ಲಿ ಅಲ್ಲ. ಹೆಣ್ಮಕ್ಕಳು ಖಂಡಿತ ಹೋಗಬೇಕು, ಬೀಜದ ಬುಟ್ಟಿ ಇರೋದು ಅವರ ಕೈಲಿ. ಹೋಗುವಾಗ ಏನಾದ್ರೂ ಜೀವ ಇರೋದನ್ನ ಒಯ್ಯಬೇಕು, ನಾವಾದ್ರೆ ನವಣೆ ಬೀಜವೋ ಒಂದು ಜೊತೆ ಕುರಿಮರಿಯೋ. ಅವರು ಮೆಣಸಿನ ಬಳ್ಳಿ ತಂದ್ರೆ ನಮ್ಮ ಬಿಸಿಲಿಗೆ ಎಂಟು ದಿನಕ್ಕೆ ಒಣಗೋಗುತ್ತೆ, ಒಣಗಲಿ, ಯಾಕೆ ಒಣಗ್ತು ಅಂತ ಫೋನ್ ಮಾಡಿ ಕೇಳೋದಕ್ಕೆ ಒಬ್ಬರಿರ್ತಾರಲ್ಲ. ಸರ್ಕಾರ ಕೊಡಬೇಕಾಗಿರೋದು ಬಸ್ ಪಾಸ್ ಅಷ್ಟೇ, ಮೇಲಧಿಕಾರಿ, ನೋಡಲ್ ಅಧಿಕಾರಿ ಅಂತ ಹಾಕಿದ್ರೆ ಐದು ಸೀಟಲ್ಲಿ ಮೂರು ಅವರಿಗೇ ಬೇಕಾಗುತ್ತೆ.

ಈ ಮಾತನ್ನ ನಾನು ಊರಿನ ಕಟ್ಟೇಲಿ ಹೇಳಿದಾಗ ಒಬ್ಬ ಕೇಳಿದ, "ಮೇಷ್ಟ್ರೇ, ಕೊಡಗಿನವರು ಹಂದಿ ತಿಂತಾರೆ, ನಿಮ್ಮನೇಲಿ ಹೆಂಗೆ ಉಣ್ತೀರಿ ಅವರ ಜೊತೆ?" ಅಂತ. ಅವರದ್ದು ಅಕ್ಕಿ ರೊಟ್ಟಿ, ನಮ್ಮದು ಜೋಳದ ರೊಟ್ಟಿ, ಅಲ್ಲಿಂದ ಶುರು ಮಾಡೋಣ ಅಂದೆ. ಅದಕ್ಕೆ ನಮ್ಮ ಮನೆಯವರು ಒಪ್ಪಿದ್ದಾರೆ.

ಸಂಪಾದಕರೇ, ನಿಮ್ಮ ಪತ್ರಿಕೆ ಮಡಿಕೇರಿ ಕಡೆಗೂ ಹೋಗುತ್ತಲ್ಲ, ಅದಕ್ಕೇ ನಿಮಗೆ ಬರೀತಿದೀನಿ. 2018ರ ಆಗಸ್ಟ್ ಕೊನೇಲಿ ಹಸಿರು ಅಕ್ಷರದ, ಹೂವು ಬಿಡಿಸಿದ್ದ ರೊಟ್ಟಿ ಚೀಲ ಬಿಚ್ಚಿದವರು ಯಾರಾದ್ರೂ ಇದನ್ನ ಓದಿದ್ರೆ ದಯವಿಟ್ಟು ಪತ್ರಿಕೆಗೆ ನಾಲ್ಕು ಸಾಲು ಬರೀರಿ. ನಮ್ಮನೇಲಿ ಮಗನ ರೂಮು ಖಾಲಿ ಇದೆ. ಅಕ್ಟೋಬರ್ ಕೊನೆಗೆ ತೆನೆ ಮುರಿಯೋದು ಶುರುವಾಗುತ್ತೆ, ಆ ಹೊತ್ತಿಗೆ ಬಂದ್ರೆ ಒಳ್ಳೇದು, ಕೈಗೆ ಆಳೂ ಸಿಕ್ಕಂಗಾಗುತ್ತೆ.

ಇಂತಿ ನಿಮ್ಮ ಓದುಗ,
ಒಬ್ಬ ನಿವೃತ್ತ ಮೇಷ್ಟ್ರು, ಜಗಳೂರು ತಾಲೂಕು